ಲಾಭದಿಂದ ಎಣಿಕೆ

ಬ್ರೋಕನ್ ಹಿಲ್‌ನ ಬೀದಿಗಳಿಗೆ ಅದಿರಿನ ಹೆಸರು, ಲವಣದ ಹೆಸರು.
ಆಕ್ಸೈಡ್ ಬೀದಿಯಲ್ಲಿ ನಮ್ಮ ಎಕ್ಸ್‌ರೇ ಕ್ಲಿನಿಕ್ಕು,
ಅದರ ಹಿಂದೆ, ಪೊರಕೆ ಬಕೆಟ್ಟು ಇಡುತ್ತಿದ್ದ ಕೋಣೆಯಲ್ಲಿ
ಸರ್ವರು.
ಎಲುಬು ನೋಡುವವಳು ನಾನು. ಈ ಪೆಟ್ಟಿಗೆಯನ್ನೂ ನೋಡಿಕೋ ಅಂದರು;
ಬೇರೆ ಯಾರೂ ಇರಲಿಲ್ಲ.

ಕಲಿಸಿದವನು ಮರ್ವ್ ಜೇಗೊ.
ಗಣಿಯೊಳಗೆ ಮೂವತ್ತು ವರ್ಷ ಕರೆಂಟಿನ ಕೆಲಸ,
ಒಂದು ಕಿವಿಯನ್ನು ಅಲ್ಲೇ ಬಿಟ್ಟು ಮೇಲೆ ಬಂದವನು.
ನೀಲಾಂಬಿಕಾ ಅವನ ಬಾಯಲ್ಲಿ ನೀಲ್ ಆಗಿ ನಿಂತಳು.

ಇದು ರ್‍ಯಾಕು, ಅಂದ. ಇದರ ಅಳತೆ ಯೂ.
ಒಂದು ಯೂ ಅಂದರೆ ಒಂದೂಮುಕ್ಕಾಲು ಇಂಚು.
ಇಲ್ಲಿರುವುದು ನಲವತ್ತೆರಡು.
ಅವನು ಅತ್ತ ತಿರುಗಿದಾಗ ಗೇಣು ಹಾಕಿ ನೋಡಿದೆ:
ಎಂಟು ಗೇಣು, ಮೇಲೆ ಚೂರು.
ಆಳುದ್ದ. ಅಂದಮೇಲೆ ಹೆದರುವುದೇನು ಬಂತು.

ಮದರ್‌ಬೋರ್ಡು ಯಾಕೆ, ಫಾದರ್ ಯಾಕಲ್ಲ ಅಂದೆ.
ಎಲ್ಲರೂ ಬಂದು ಇವಳಿಗೇ ಚುಚ್ಚುತ್ತಾರಲ್ಲ, ಅಂದ.
ಹಾಟ್ ಸ್ವಾಪ್: ಒಲೆ ಆರಿಸದೆ ಕೊಳ್ಳಿ ಬದಲಿಸುವುದು.
ಪವರ್ ಸಪ್ಲೈ ಎರಡು, ಒಂದು ಸತ್ತರೆ ಇನ್ನೊಂದರ ಹೆಗಲಿಗೆ ಭಾರ.
ಪ್ಯಾರಿಟಿ ಮಾತ್ರ ತಲೆಗೆ ಹತ್ತಲಿಲ್ಲ.
ವಾರ ಕಳೆದು ಪಾತ್ರೆ ತಿಕ್ಕುವಾಗ ಹೊಳೆಯಿತು:
ಸರಿಬೆಸ!
ಐದು ಮುಷ್ಟಿ, ಒಳಗೆ ಹುಣಸೆಬೀಜ,
ಒಟ್ಟು ಸರಿಯೇ ಆಗಬೇಕೆಂದು ಮೊದಲೇ ಕರಾರು.
ನಾಲ್ಕು ಬಿಚ್ಚಿದರೆ ಸಾಕು, ಐದನೆಯದು
ಸರಿಯೋ ಬೆಸವೋ ಬಿಚ್ಚದೆಯೇ ಹೇಳಬಹುದು.
ಒಬ್ಬ ಹೋದರೆ ಉಳಿದ ನಾಲ್ವರು ಅವನನ್ನು ನೆನೆದು ಹೇಳುತ್ತಾರೆ.
ಇಬ್ಬರು ಹೋದರೆ?
ಜೇಗೊ ಕೇಳದ ಕಿವಿಯನ್ನು ನನ್ನ ಕಡೆ ತಿರುಗಿಸಿದ.

ಜನವರಿ. ಹೊರಗೆ ನಲವತ್ನಾಲ್ಕು ಡಿಗ್ರಿ,
ಫಿಲ್ಟರಿನ ತುಂಬ ಕೆಮ್ಮಣ್ಣು.
ಶನಿವಾರ ರಾತ್ರಿ ಪರದೆ ಹೇಳಿತು: ಡಿಸ್ಕ್ ಮೂರು ಸತ್ತಿದೆ.
ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ, ಮುಂದಿನ ದೀಪಗಳು ಯಾವತ್ತೋ ಕುರುಡು.
ಎಣಿಸಿದೆ. ಒಂದು, ಎರಡು, ಮೂರು.
ಹಿಡಿ ಎಳೆದೆ.

ಫ್ಯಾನುಗಳು ತಿರುಗುತ್ತಲೇ ಇದ್ದವು.
ಊರಿನ ಅಷ್ಟೂ ಎಲುಬು ಮಾಯ.

ಎಲ್ಲಿಂದ ಎಣಿಸಿದೆ? ಫೋನಿನಲ್ಲಿ ಜೇಗೊ.
ಒಂದರಿಂದ.
ಅದು ಸೊನ್ನೆಯಿಂದ ಎಣಿಸುತ್ತೆ, ಹುಡುಗಿ.
(ನನಗೆ ನಲವತ್ತೊಂಬತ್ತು.)

ಗೊತ್ತಿರಬೇಕಿತ್ತು. ಅಪ್ಪ ಜೋಳ ಅಳೆಯುವಾಗ
ಮೊದಲ ಸೇರಿಗೆ ಒಂದು ಅಂದವನೇ ಅಲ್ಲ.
ಲಾಭ, ಎರಡು, ಮೂರು...
ನಮ್ಮಲ್ಲಿ ಲಾಭ ಒಂದರ ಜಾಗದಲ್ಲಿ ಕೂರುತ್ತದೆ,
ಇಲ್ಲಿ ಒಂದಕ್ಕೂ ಮೊದಲು. ಅಷ್ಟೇ ಅಂತರ.

ಎಳೆದದ್ದನ್ನು ಎಳೆದ ಗೂಡಿಗೇ ದೂಡಿದೆ.
ಪರದೆ ಅದಕ್ಕೆ ಕೊಟ್ಟ ಹೆಸರು: ಫಾರಿನ್.
ಹೊರಗಿದ್ದದ್ದು ಒಂದೇ ನಿಮಿಷ. ಅದೇ ಗೂಡು, ಅದೇ ನೆರೆಹೊರೆ,
ಆದರೂ ಫಾರಿನ್.
ಒಳಗೆ ಕರೆದುಕೊಳ್ಳಲೋ, ಒರೆಸಿಹಾಕಲೋ?
ಹದಿನೇಳು ವರ್ಷ ಈ ದೇಶದ ಫಾರಂ ತುಂಬಿದವಳಿಗೆ
ಪ್ರಶ್ನೆ ಹೊಸದಲ್ಲ.
ಮೇಜಿನ ಈಚೆ ಬದಿಗೆ ಕೂತದ್ದು ಹೊಸದು.

ಕರೆದುಕೋ, ಅಂದ ಜೇಗೊ.
ಇನ್ನೊಂದು ಗುಂಡಿಯ ಕಡೆ ತಲೆಹಾಕಿ ಮಲಗಲೂ ಬೇಡ.

ಕರೆದುಕೊಂಡೆ.
ಆಮೇಲೆ ಸತ್ತದ್ದನ್ನೇ ಹುಡುಕಿ ಕಿತ್ತು, ಹೊಸದನ್ನಿಟ್ಟೆ.
ರಾತ್ರಿಯಿಡೀ ನಾಲ್ವರು ನೆನೆದು ನೆನೆದು
ಐದನೆಯವನನ್ನು ಬರೆಸಿದರು. ನಾನು ನೆಲದ ಮೇಲೆ ಕೂತಿದ್ದೆ,
ತಣ್ಣನೆ ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು.
ಬೆಳಿಗ್ಗೆ ತೆರೆದ ಮೊದಲ ಚಿತ್ರ ಡಾರ್ಲೀನ್ ಫೆರಿಸಳ ಸೊಂಟ,
ಬಿರುಕು ಎಲ್ಲಿತ್ತೋ ಅಲ್ಲೇ.
ಇನ್ನೊಬ್ಬರ ಬಿರುಕು ಕಂಡು ಅಷ್ಟು ಹಿಗ್ಗಬಾರದಿತ್ತು.

ಗಾಯದ ಪಟ್ಟಿ ಕತ್ತರಿಸಿ ಐದೂ ಗೂಡಿಗೆ ಅಂಟಿಸಿದೆ:
ಲಾಭ, ೧, ೨, ೩, ೪.
ಸೋಮವಾರ ಜೇಗೊ ಬಂದ, ಕನ್ನಡಕ ಹಣೆಗೇರಿಸಿ ಬಗ್ಗಿದ,
ಮೊದಲನೆಯದರ ಮೇಲೆ ಬೆರಳಿಟ್ಟು ಕೇಳಿದ:
ನಿಮ್ಮ ಸೊನ್ನೆ ಯಾಕೆ ಇಷ್ಟು ಉದ್ದ?